ಹಳೇ ಮರದ ಬಾತು ಸಿಕ್ಕಿದೆ, ಬಣ್ಣ ಹೊಡೆಸಬೇಕಾ ಬೇಡ್ವಾ?

ಬಾಲ್ಟಿಮೋರ್‌ವಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ವಯಸ್ಸಾದವರೊಬ್ಬರು ಮನೆ ಖಾಲಿ ಮಾಡುತ್ತಿದ್ದರು, ಸಾಮಾನೆಲ್ಲ ಹೊರಗಿಟ್ಟು ಮಾರುತ್ತಿದ್ದರು. ಗ್ಯಾರೇಜಿನಲ್ಲಿ ಬಣ್ಣದ ಡಬ್ಬಿಗಳ ಹಿಂದೆ ಒಂದು ಮರದ ಬಾತು ಇತ್ತು. ಬೇಟೆಗಾರರು ನೀರಿನ ಮೇಲೆ ತೇಲಿಬಿಟ್ಟು ನಿಜವಾದ ಬಾತುಗಳನ್ನು ಸೆಳೆಯುತ್ತಿದ್ದರಲ್ಲ, ಆ ಡಿಕಾಯ್. ನೋಡಿದ ಕೂಡಲೇ ಇಷ್ಟವಾಯಿತು, ಕೊಂಡುಕೊಂಡೆ.

ಗಂಡು ಕ್ಯಾನ್ವಾಸ್‌ಬ್ಯಾಕ್ ಬಾತು ಇದು. ಕೆಂಗಂದು ತಲೆ, ಕಪ್ಪು ಎದೆ, ಬಿಳಿ ಮೈ. ಒಳಗೆ ಟೊಳ್ಳಿಲ್ಲ, ಪೂರ್ತಿ ಗಟ್ಟಿ ಮರ. ಹೊಟ್ಟೆ ದುಂಡಗಿದೆ, ಅಡಿಗೆ ಒಂದು ಕಬ್ಬಿಣದ ತುಂಡು ಹೊಡೆದಿದ್ದಾರೆ, ಮುಂದೆ ಹಗ್ಗ ಕಟ್ಟಲು ಒಂದು ಬಳೆ. ಕಣ್ಣು ಗಾಜಿನದಲ್ಲ, ಬಣ್ಣದಲ್ಲಿ ಬರೆದದ್ದು. ಬಿಳಿ ಬಣ್ಣ ಅಲ್ಲಲ್ಲಿ ಎದ್ದು ಕೆಳಗೆ ಇನ್ನೊಂದು ಪದರ ಕಾಣುತ್ತದೆ. ಕೊಕ್ಕಿನ ತುದಿ ಸ್ವಲ್ಪ ಮುರಿದಿದೆ. ಎಡಗಡೆ ಸಣ್ಣ ಸಣ್ಣ ತೂತುಗಳಿವೆ, ಹುಳು ಹಿಡಿದಿದೆಯೋ ಏನೋ.

ಪಕ್ಕದ ಮನೆಯವರಿಗೆ ಮರಗೆಲಸ ಚೆನ್ನಾಗಿ ಬರುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಕೊಕ್ಕು ಸರಿಮಾಡಿ, ಹೊಸದಾಗಿ ಬಣ್ಣ ಹಚ್ಚಿ ಕೊಡುತ್ತೇನೆ ಅಂತಿದ್ದಾರೆ. ಹೆಂಡತಿ ಹೇಗಿದೆಯೋ ಹಾಗೇ ಇರಲಿ ಅನ್ನುತ್ತಾಳೆ. ಗೊತ್ತಿರುವವರು ಹೇಳಿ.

ಹಳೆಕೊಕ್ಕು:
ದಯವಿಟ್ಟು ಮುಟ್ಟಿಸಬೇಡಿ. ಇವತ್ತೇ ಪಕ್ಕದ ಮನೆಯವರಿಗೆ ಬೇಡ ಅಂತ ಹೇಳಿಬಿಡಿ. ಅವರ ಮನಸ್ಸು ಒಳ್ಳೆಯದೇ, ಆದರೆ ಹಳೇ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ತರುವ ಹಾಗಲ್ಲ ಇದು. ಡಿಕಾಯ್‌ನಲ್ಲಿ ಹೊಳಪು ಬಂತು ಅಂದರೆ ಇದ್ದದ್ದೆಲ್ಲ ಹೋಯಿತು ಅಂತ.

ಕೆತ್ತಿದವನ ಕೈ ಎರಡು ಕಡೆ ಇರುತ್ತದೆ. ಒಂದು ತಲೆಯ ಕೆತ್ತನೆಯಲ್ಲಿ, ಇನ್ನೊಂದು ಮೊದಲ ಬಣ್ಣದಲ್ಲಿ. ಕುಂಚ ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು, ಒದ್ದೆ ಬಣ್ಣದ ಮೇಲೆ ಇನ್ನೊಂದು ಬಣ್ಣ ಹೇಗೆ ಎಳೆದರು ಅನ್ನೋದೆಲ್ಲ ಆ ಪದರದಲ್ಲಿದೆ. ಅದನ್ನು ಉಜ್ಜಿದರೆ ಮತ್ತೆ ಬರುವುದಿಲ್ಲ. ಒಂದೇ ಕೈಯ ಎರಡು ಬಾತುಗಳಲ್ಲಿ ಮೊದಲ ಬಣ್ಣ ಉಳಿದದ್ದಕ್ಕೂ ಹೊಸ ಬಣ್ಣ ಹೊಡೆದದ್ದಕ್ಕೂ ಬೆಲೆಯಲ್ಲಿ ಎಷ್ಟೋ ಪಟ್ಟು ಅಂತರ ಇರುತ್ತದೆ. ಬೆಲೆ ಬಿಡಿ, ಇದನ್ನು ಯಾರು ಮಾಡಿದ್ದು ಅಂತ ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಆ ತೂತುಗಳು ಹುಳುವಿನದ್ದಲ್ಲ, ಬಹುಶಃ ಗುಂಡಿನ ಚರೆ. ಪಕ್ಕದಲ್ಲಿ ಇಳಿದ ಬಾತಿಗೆ ಹೊಡೆದಾಗ ಮರದ ಬಾತಿಗೂ ಏಟು ಬೀಳುತ್ತಿತ್ತು. ಇದು ಕೆಲಸ ಮಾಡಿದ ಬಾತು, ಶೋಕೇಸಿಗೆ ಮಾಡಿದ್ದಲ್ಲ ಅನ್ನೋದಕ್ಕೆ ಅದೂ ಒಂದು ಗುರುತು.

ನೀವು ಬರೆದದ್ದು ನೋಡಿದರೆ ಚೆಸಪೀಕ್ ಕೊಲ್ಲಿಯ ಮೇಲ್ಭಾಗದ್ದು ಅನಿಸುತ್ತದೆ, ಅಂದರೆ ಹ್ಯಾವರ್ ಡಿ ಗ್ರೇಸ್ ಊರಿನ ಸುತ್ತಮುತ್ತ. ಗಟ್ಟಿ ಮರ, ದುಂಡು ಹೊಟ್ಟೆ, ಬರೆದ ಕಣ್ಣು, ಅಡಿಗೆ ತೂಕ, ಎಲ್ಲ ಆ ಕಡೆಯ ರೀತಿ. ಸಸ್ಕ್ವೆಹಾನಾ ನದಿ ಕೊಲ್ಲಿಗೆ ಸೇರುವ ಕಡೆ ನೀರು ತುಂಬಾ ಆಳವಿಲ್ಲ, ಅದನ್ನು ಫ್ಲ್ಯಾಟ್ಸ್ ಅಂತ ಕರೆಯುತ್ತಾರೆ. ಅಲ್ಲಿ ನೀರಿನೊಳಗೆ ವೈಲ್ಡ್ ಸೆಲರಿ ಅನ್ನುವ ಹುಲ್ಲು ಹೇರಳವಾಗಿತ್ತು, ಅದನ್ನು ತಿನ್ನಲು ಕ್ಯಾನ್ವಾಸ್‌ಬ್ಯಾಕ್ ಬಾತುಗಳು ಚಳಿಗಾಲದಲ್ಲಿ ದಂಡುದಂಡಾಗಿ ಬರುತ್ತಿದ್ದವು. ಆ ಹುಲ್ಲು ತಿಂದ ಬಾತಿನ ಮಾಂಸಕ್ಕೆ ದೊಡ್ಡ ಊರುಗಳ ಹೋಟೆಲುಗಳಲ್ಲಿ ಭಾರೀ ಬೇಡಿಕೆ ಇತ್ತು.

ಅಡಿಭಾಗದ ಫೋಟೋ ಹಾಕಿ. ಅಡಿಯೇ ಜಾಸ್ತಿ ಹೇಳುತ್ತದೆ.

ಮರಗೆಲಸ_ಶಿರಸಿ:
ನಾನು ಗಂಧ, ಶಿವನೆ ಕೆತ್ತುವವನು. ಈ ಬಾತುಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದು. ಯಾವ ಮರ, ಯಾವ ಹತಾರ ಅಂತ ತಿಳಿಯಬೇಕು. ಒಬ್ಬ ಕೆಲಸಗಾರನಾಗಿ ಇನ್ನೊಂದು ಮಾತೂ ಕೇಳುತ್ತೇನೆ. ನೀರಲ್ಲಿ ಇಟ್ಟು ಎಳೆದು ಎಸೆದು ಬಳಸುವ ವಸ್ತು, ಬೇಟೆಗಾರರೇ ಆಗಾಗ ಬಣ್ಣ ಹೊಡೆದಿರಬೇಕಲ್ವಾ? ಆಗ ಅವರು ಹೊಡೆದರೆ ಸರಿ, ಈಗ ಪಕ್ಕದ ಮನೆಯವರು ಹೊಡೆದರೆ ತಪ್ಪು ಅನ್ನೋದು ಹೇಗೆ?

ಹಳೆಕೊಕ್ಕು:
ಒಳ್ಳೇ ಪ್ರಶ್ನೆ. ಹೌದು, ಬೇಟೆ ಕಾಲ ಶುರುವಾಗುವ ಮೊದಲು ಬಣ್ಣ ಹೊಡೆಯುವುದು ಮಾಮೂಲಿ ಕೆಲಸವಾಗಿತ್ತು. ಕೆತ್ತುವವರೇ ಬೇರೆಯವರ ಬಾತುಗಳಿಗೂ ಬಣ್ಣ ಹೊಡೆದು ಕೊಡುತ್ತಿದ್ದರು. ಹಾಗಾಗಿ ಸಂಗ್ರಹಕಾರರು ಎರಡನ್ನು ಬೇರೆ ಮಾಡಿ ನೋಡುತ್ತಾರೆ. ಬಳಕೆಯ ಕಾಲದ ಬಣ್ಣ ಅಂದರೆ ಆ ಬಾತಿನ ಬದುಕಿನ ಒಂದು ಭಾಗ. ಅದರ ಬೆಲೆ ಮೊದಲ ಬಣ್ಣಕ್ಕಿಂತ ಕಡಿಮೆ, ಆದರೂ ಅದಕ್ಕೆ ಮರ್ಯಾದೆ ಇದೆ. ಈಗ ಹೊಡೆಯುವ ಬಣ್ಣಕ್ಕೆ ಆ ನೀರಿನ ಸಂಬಂಧವೇ ಇಲ್ಲ. ಜೊತೆಗೆ ಇಲ್ಲಿ ಹೊಡೆಯುವ ಮೊದಲು ಉಜ್ಜುತ್ತೇನೆ ಅಂತಿದ್ದಾರಲ್ಲ, ನನ್ನ ಭಯ ಬಣ್ಣಕ್ಕಿಂತ ಆ ಉಜ್ಜುವುದರ ಮೇಲೆ.

ಬೇಟೆಗಾರ ಹಳೇ ಬಣ್ಣದ ಮೇಲೇ ಹೊಡೆಯುತ್ತಿದ್ದ. ಹಾಗಾಗಿ ಎಷ್ಟೋ ಸಲ ಮೊದಲ ಬಣ್ಣ ಕೆಳಗೆ ಸುರಕ್ಷಿತವಾಗಿ ಉಳಿದಿರುತ್ತದೆ. ಇದರಲ್ಲೇ ಪಳಗಿದವರು ಸಣ್ಣ ಅಲಗಿನಿಂದ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲಿನ ಪದರ ಎಬ್ಬಿಸಿ ಕೆಳಗಿನದನ್ನು ಹೊರತರುತ್ತಾರೆ. ಬಾಲ್ಟಿಮೋರ್‌ವಾಸಿಯವರು ಕೆಳಗೆ ಇನ್ನೊಂದು ಪದರ ಕಾಣುತ್ತದೆ ಅಂದರಲ್ಲ, ಅದಕ್ಕೇ ನನಗೆ ಇಷ್ಟು ಆತಂಕ.

ಮರದ ವಿಷಯ ಊರಿಂದ ಊರಿಗೆ ಬೇರೆ. ಚೆಸಪೀಕ್‌ನಲ್ಲಿ ವೈಟ್ ಪೈನ್, ಸೀಡರ್. ಲೂಸಿಯಾನಾದಲ್ಲಿ ಸೈಪ್ರೆಸ್ ಬೇರು, ಟ್ಯುಪೆಲೋ. ಮೈಯನ್ನು ಕೊಡಲಿಯಲ್ಲಿ ಸವರಿ, ಎರಡೂ ಕೈಯಿಂದ ಎಳೆಯುವ ಅಲಗಿನಲ್ಲಿ ದುಂಡು ಮಾಡಿ, ತಲೆಯನ್ನು ಬೇರೆಯಾಗಿ ಚಾಕುವಿನಲ್ಲಿ ಕೆತ್ತಿ ಮೊಳೆ ಹೊಡೆದು ಕೂರಿಸುತ್ತಿದ್ದರು. ನ್ಯೂಜೆರ್ಸಿಯವರದ್ದು ಪೂರ್ತಿ ಬೇರೆ ದಾರಿ. ಬಿಳಿ ಸೀಡರಿನ ಎರಡು ಹೋಳು ಟೊಳ್ಳು ಮಾಡಿ ಜೋಡಿಸುತ್ತಿದ್ದರು. ಅಲ್ಲಿ ಬೇಟೆಗೆ ಹೋಗುವ ಸ್ನೀಕ್‌ಬಾಕ್ಸ್ ದೋಣಿ ತೀರಾ ಚಿಕ್ಕದು, ಭಾರದ ಬಾತು ಹೊರಲು ಆಗುವುದಿಲ್ಲ. ಟಕರ್ಟನ್ ಊರಿನ ಹ್ಯಾರಿ ಶೋರ್ಡ್ಸ್ ಇದರಲ್ಲಿ ದೊಡ್ಡ ಹೆಸರು. ಮನೆಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು, 1920ರಲ್ಲಿ ತೀರಿಕೊಂಡರು. ಅವರ ಬಾತುಗಳ ಅಡಿಯಲ್ಲಿ ಆಯತದ ಗುಂಡಿ ತೋಡಿ ಸೀಸ ಕರಗಿಸಿ ಹೊಯ್ದಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಇಲಿನಾಯ್ ನದಿಯ ಕಡೆಯೂ ಟೊಳ್ಳೇ. ಅಲ್ಲಿ ರಾಬರ್ಟ್ ಎಲಿಸ್ಟನ್, ಚಾರ್ಲ್ಸ್ ಪರ್ಡ್ಯೂ ಕೆತ್ತಿದ್ದಕ್ಕೆ ಬಣ್ಣ ಹಚ್ಚುತ್ತಿದ್ದವರು ಅವರ ಹೆಂಡತಿಯರು, ಕ್ಯಾಥರೀನ್ ಮತ್ತು ಎಡ್ನಾ. ಹೆಸರು ಮಾತ್ರ ಗಂಡಂದಿರದ್ದೇ ನಿಂತಿದೆ. ಬಣ್ಣಕ್ಕೆ ಇಷ್ಟು ಬೆಲೆ ಕೊಡುವ ನಾವು ಆ ಇಬ್ಬರ ಹೆಸರನ್ನೂ ಹೇಳಲೇಬೇಕು.

ಕೆರೆಏರಿ:
ನಾನು ಗದಗ ಕಡೆಯವನು, ಚಳಿಗಾಲ ಬಂತೆಂದರೆ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗುವವನು. ಪಟ್ಟೆತಲೆ ಹೆಬ್ಬಾತುಗಳು ಇಳಿಯುವುದನ್ನು ನೋಡುತ್ತಾ ಬೆಳೆದವನಿಗೆ ಇದು ಸ್ವಲ್ಪ ಕಷ್ಟವಾಗುತ್ತದೆ. ನೀವು ಹೇಳುತ್ತಿರುವುದು ಹಕ್ಕಿಯನ್ನು ಮೋಸ ಮಾಡಿ ಕೊಲ್ಲುವ ಸಾಧನ. ಗುಂಡಿನ ಗುರುತನ್ನೂ ಪ್ರೀತಿಯಿಂದ ತೋರಿಸುತ್ತಿದ್ದೀರಿ. ಜಗಳಕ್ಕೆ ಹೇಳುತ್ತಿಲ್ಲ, ಇದನ್ನು ನೀವು ಹೇಗೆ ನೋಡುತ್ತೀರಿ ಅಂತ ತಿಳಿಯಬೇಕು.

ಉಪ್ಪುನೀರು_ಬಾಸ್ಟನ್:
ಕೆರೆಏರಿಯವರೇ, ನೀವು ಕೇಳಿದ್ದನ್ನು ಇಲ್ಲಿನ ಸಂಗ್ರಹಕಾರರೂ ಕೇಳಿಕೊಳ್ಳುತ್ತಾರೆ. ಮುಚ್ಚಿಡುವಂಥದ್ದೇನಿಲ್ಲ, ಅದು ಕೊಲ್ಲುವ ಸಾಧನವೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮಾರುಕಟ್ಟೆಗಾಗಿ ಹೊಡೆಯುವವರು ಇದ್ದರು. ಹೊಡೆದ ಬಾತುಗಳನ್ನು ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ಊರುಗಳಿಗೆ ಕಳಿಸುತ್ತಿದ್ದರು. ಚೆಸಪೀಕ್‌ನಲ್ಲಿ ಸಿಂಕ್‌ಬಾಕ್ಸ್ ಅಂತ ಒಂದು ಇತ್ತು. ಒಬ್ಬ ಮನುಷ್ಯ ಮಲಗುವಷ್ಟು ಪೆಟ್ಟಿಗೆ, ಸುತ್ತ ಅಗಲವಾದ ಹಲಗೆಯ ರೆಕ್ಕೆಗಳು. ಅದು ನೀರಿನ ಮಟ್ಟಕ್ಕೇ ತೇಲುತ್ತದೆ, ಹಾರಿ ಬರುವ ಹಕ್ಕಿಗೆ ಮನುಷ್ಯ ಕಾಣುವುದೇ ಇಲ್ಲ. ಪೆಟ್ಟಿಗೆ ಮೇಲೇಳದ ಹಾಗೆ ಆ ರೆಕ್ಕೆಗಳ ಮೇಲೆ ಎರಕದ ಕಬ್ಬಿಣದ ಬಾತುಗಳನ್ನು ಇಡುತ್ತಿದ್ದರು, ಸುತ್ತಲೂ ನೂರಾರು ಮರದ ಬಾತುಗಳು. ಇವತ್ತು ನಮ್ಮ ಕೈಗೆ ಸಿಗುವ ಕ್ಯಾನ್ವಾಸ್‌ಬ್ಯಾಕ್‌ಗಳಲ್ಲಿ ಎಷ್ಟೋ ಅಂಥ ದಂಡಿನವು.

ಲ್ಯಾಬ್ರಡಾರ್ ಬಾತು 1870ರ ದಶಕದಲ್ಲೇ ಇಲ್ಲವಾಯಿತು. ಕೊನೆಯ ಪ್ಯಾಸೆಂಜರ್ ಪಾರಿವಾಳ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಕಾನೂನುಗಳು ನಿಧಾನಕ್ಕೆ ಬಂದವು. ಕಾನೂನು ಮೀರಿ ಹೊಡೆದದ್ದನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸದಂತೆ ತಡೆದ 1900ರ ಲೇಸಿ ಕಾಯ್ದೆ, 1913ರಲ್ಲಿ ಇನ್ನೊಂದು, ಆಮೇಲೆ 1918ರ ವಲಸೆ ಹಕ್ಕಿಗಳ ಕಾಯ್ದೆ. ಮಾರುಕಟ್ಟೆಗೆ ಹೊಡೆಯುವುದಕ್ಕೆ ಅಲ್ಲಿಗೆ ಕಾನೂನಿನ ತಡೆ ಬಿತ್ತು. ಸಿಂಕ್‌ಬಾಕ್ಸನ್ನೂ ಜೀವಂತ ಬಾತುಗಳನ್ನು ಕಟ್ಟಿಹಾಕಿ ಬೇರೆಯವನ್ನು ಸೆಳೆಯುವುದನ್ನೂ 1935ರಲ್ಲಿ ನಿಲ್ಲಿಸಿದರು. 1934ರಿಂದ ಬಾತು ಬೇಟೆಗೆ ಹೋಗುವವರು ಒಂದು ಸ್ಟಾಂಪ್ ಕೊಳ್ಳಬೇಕು, ಆ ಹಣದ ಬಹುಪಾಲು ಜೌಗು ಭೂಮಿ ಉಳಿಸಲು ಹೋಗುತ್ತದೆ.

ನನಗೆ ಎಲ್ಲಕ್ಕಿಂತ ನೋವಾಗುವುದು ತೀರದ ಸಣ್ಣ ಹಕ್ಕಿಗಳ ಡಿಕಾಯ್ ನೋಡಿದಾಗ. ಕರ್ಲ್ಯೂ, ಪ್ಲೋವರ್, ಯೆಲ್ಲೋಲೆಗ್ಸ್. ಕಡ್ಡಿಗೆ ಸಿಕ್ಕಿಸಿ ಮರಳಲ್ಲಿ ನೆಡುತ್ತಿದ್ದರು. ಒಂದು ಹಿಡಿಯಷ್ಟು ಹಕ್ಕಿ, ಅದನ್ನೂ ಊಟಕ್ಕೆ ಹೊಡೆಯುತ್ತಿದ್ದರು. ಎಸ್ಕಿಮೋ ಕರ್ಲ್ಯೂ ಈಗ ಎಲ್ಲೂ ಕಾಣುವುದಿಲ್ಲ, ಅದರ ಮರದ ರೂಪ ಮಾತ್ರ ಇದೆ. ಇದನ್ನೆಲ್ಲ ಬಚ್ಚಿಟ್ಟು ಬರೀ ಕಲೆ ಕಲೆ ಅಂದರೆ ನನಗೆ ಸರಿ ಕಾಣಲ್ಲ. ಬೇಟೆಯ ಕಥೆ ಬದಿಗಿಟ್ಟು ಬಾತನ್ನು ಮಾತ್ರ ಇಟ್ಟುಕೊಳ್ಳಲು ಆಗದು. ಆ ಬಣ್ಣ, ಆ ಚರೆ ತೂತು ಎರಡೂ ಹಾಗೇ ಇರಬೇಕು ಅನ್ನೋದಕ್ಕೆ ನನ್ನ ಕಾರಣ ಇದೇ.

ಕೆರೆಏರಿ:
ಇದನ್ನು ನಾನು ಒಪ್ಪುತ್ತೇನೆ. ಪೂರ್ತಿ ಸಮಾಧಾನ ಆಗಿಲ್ಲ, ಆದರೆ ಮುಚ್ಚಿಡದೆ ಹೇಳಿದಿರಿ. ಆ ಫ್ಲ್ಯಾಟ್ಸ್‌ಗೆ ಈಗಲೂ ಕ್ಯಾನ್ವಾಸ್‌ಬ್ಯಾಕ್ ಬರುತ್ತವೆಯಾ?

ಹಳೆಕೊಕ್ಕು:
ಕೊಲ್ಲಿಗೆ ಬರುತ್ತವೆ, ಆದರೆ ಆ ಕಾಲದ ಹಾಗೆ ಅಲ್ಲ. ನೀರು ಕೆಟ್ಟು ಹುಲ್ಲು ಮೊದಲೇ ಕಡಿಮೆಯಾಗುತ್ತಿತ್ತು, 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ನೆರೆ ಹೂಳು ತಂದು ಸುರಿದು ಉಳಿದದ್ದನ್ನೂ ಮುಚ್ಚಿಹಾಕಿತು. ಎಷ್ಟೋ ವರ್ಷದ ಮೇಲೆ ಫ್ಲ್ಯಾಟ್ಸ್‌ನಲ್ಲಿ ಹುಲ್ಲು ಮತ್ತೆ ಚಿಗುರಿತು. ಬಂದೂಕಿಗಿಂತ ನೀರು ಮುಖ್ಯ ಅಂತ ನಿಮ್ಮಂಥ ಕೆರೆ ನೋಡುವವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ಡಿಕಾಯ್ ಯುರೋಪಿನಿಂದ ಬಂದವರು ಕಂಡುಹಿಡಿದದ್ದಲ್ಲ. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ 11 ಡಿಕಾಯ್ ಸಿಕ್ಕವು. ಮರದ್ದಲ್ಲ, ಅಲ್ಲಿನ ಮೂಲನಿವಾಸಿಗಳು ಜೊಂಡು ಹೆಣೆದು ಮಾಡಿದ್ದು, ಬಣ್ಣ ಹಚ್ಚಿ ಗರಿ ಸಿಕ್ಕಿಸಿದ್ದಾರೆ. ಸುಮಾರು 2000 ವರ್ಷ ಹಳೆಯವು. ಅವುಗಳಲ್ಲೂ ಇರುವುದು ಕ್ಯಾನ್ವಾಸ್‌ಬ್ಯಾಕ್! ನೋಡಿದ ಕೂಡಲೇ ಗುರುತು ಸಿಗುತ್ತದೆ.

ಹೊಸಸಂಗ್ರಹ:
ನಾನೂ ಶುರು ಮಾಡಬೇಕು ಅಂತಿದ್ದೇನೆ. ಕೋಟಿಗಟ್ಟಲೆ ಬೆಲೆ ಅಂತ ಕೇಳಿದೆ. ಸಾಮಾನ್ಯ ಸಂಬಳದವರಿಗೆ ಇದು ಆಗುತ್ತಾ? ಸಹಿ, ಮುದ್ರೆ ಇರುವುದನ್ನೇ ಕೊಳ್ಳಬೇಕಾ?

ಉಪ್ಪುನೀರು_ಬಾಸ್ಟನ್:
ಆ ಬೆಲೆ ಬೆರಳೆಣಿಕೆಯ ಬಾತುಗಳಿಗೆ. ಮ್ಯಾಸಚೂಸೆಟ್ಸ್‌ನ ಈಸ್ಟ್ ಹಾರ್ವಿಚ್‌ನಲ್ಲಿದ್ದ ಎಲ್ಮರ್ ಕ್ರೋವೆಲ್, 1862ರಿಂದ 1952ರವರೆಗೆ ಬದುಕಿದವರು, ಅವರ ಎರಡು ಡಿಕಾಯ್ 2007ರಲ್ಲಿ ತಲಾ 11.3 ಲಕ್ಷ ಡಾಲರಿಗೆ ಮಾರಾಟವಾದವು. ಒಂದು ನಿದ್ದೆ ಮಾಡುತ್ತಿರುವ ಕೆನಡಾ ಹೆಬ್ಬಾತು, ಇನ್ನೊಂದು ಕೊಕ್ಕಿನಿಂದ ಗರಿ ಸರಿಮಾಡಿಕೊಳ್ಳುತ್ತಿರುವ ಗಂಡು ಪಿನ್‌ಟೇಲ್. ಕೆರೆಏರಿಯವರೇ, ಈ ಪಿನ್‌ಟೇಲ್ ನಿಮ್ಮ ಸೂಜಿಬಾಲದ ಬಾತೇ. ನಮ್ಮ ಕೆರೆಗಳಿಗೆ ಚಳಿಗಾಲದಲ್ಲಿ ಬರುತ್ತದಲ್ಲ, ಅದೇ ಜಾತಿ.

ಆ ಪಿನ್‌ಟೇಲನ್ನು ಮಾತಲ್ಲಿ ಹೇಳುವುದು ಕಷ್ಟ. ತಲೆ ಪೂರ್ತಿ ಹಿಂದಕ್ಕೆ ತಿರುಗಿದೆ, ಕೊಕ್ಕು ಬೆನ್ನಿನ ಗರಿಯೊಳಗೆ. ಮರದ ತುಂಡು ಅಂತ ಅನಿಸುವುದೇ ಇಲ್ಲ. ಕ್ರೋವೆಲ್ ಬೇಟೆ ಶಿಬಿರದಲ್ಲಿ ಕೆಲಸ ಮಾಡಿದವರು, ಜೀವಂತ ಬಾತುಗಳನ್ನು ಸಾಕಿ ಪಳಗಿಸಿದವರು. ದಿನವಿಡೀ ಹಕ್ಕಿ ಹೇಗೆ ಕೂರುತ್ತದೆ, ಹೇಗೆ ಮಲಗುತ್ತದೆ ಅಂತ ನೋಡಿದ ಕಣ್ಣು ಅದು. ಅವರ ಮುದ್ರೆ ಮೊದಲು ಮೊಟ್ಟೆಯಾಕಾರದ್ದು, ಆಮೇಲೆ ಆಯತದ್ದು. ಆದರೆ ಮುದ್ರೆ ನಂಬಿ ಕೊಳ್ಳಬೇಡಿ. ಮುದ್ರೆ ನಕಲು ಮಾಡುವುದು ಸುಲಭ, ಆ ಬಣ್ಣ ನಕಲು ಮಾಡುವುದು ಬಹಳ ಕಷ್ಟ. ದೊಡ್ಡ ಹರಾಜಿನವರು ಎಕ್ಸ್‌ರೇ ತೆಗೆಸುತ್ತಾರೆ, ಕತ್ತಿನಲ್ಲಿ ಹೊಸ ಮೊಳೆ ಇದೆಯಾ, ಕೊಕ್ಕು ಆಮೇಲೆ ಅಂಟಿಸಿದ್ದಾ ಅಂತ ಕಾಣುತ್ತದೆ. ಮನೆಯಲ್ಲಿ ನೇರಳಾತೀತ ದೀಪ ಹಿಡಿದು ನೋಡಿದರೂ ಹೊಸ ಬಣ್ಣ ಹಳೆಯದಕ್ಕಿಂತ ಬೇರೆ ಥರ ಹೊಳೆಯುವುದು ಎಷ್ಟೋ ಸಲ ತಿಳಿಯುತ್ತದೆ.

ಸಾಮಾನ್ಯ ಸಂಬಳಕ್ಕೆ ಖಂಡಿತ ಆಗುತ್ತದೆ. ಕೆಲವು ನೂರು ಡಾಲರಿಗೆ ಒಳ್ಳೆಯ ಬಾತು ಸಿಗುತ್ತವೆ. ಡೆಟ್ರಾಯಿಟ್‌ನ ಮೇಸನ್ ಕಾರ್ಖಾನೆ ನೋಡಿ, 1896ರಿಂದ 1924ರವರೆಗೆ ನಡೆಯಿತು. ಪ್ರೀಮಿಯರ್ ಅವರ ಮೇಲಿನ ದರ್ಜೆ, ಅದು ದುಬಾರಿ. ಕೆಳಗಿನ ದರ್ಜೆಯವು ಕೈಗೆಟಕುತ್ತವೆ. ಕಾರ್ಖಾನೆಯದಾದರೂ ಬಣ್ಣ ಕೈಯಲ್ಲೇ ಹಚ್ಚಿದ್ದು. ಅವುಗಳಲ್ಲಿ ಕತ್ತಿನ ಸುತ್ತ ತುಂಬಿದ ಪುಟ್ಟಿ ಬಿರಿದು ಉದುರಿರುವುದು ಸಹಜ, ಅದಕ್ಕೆ ಹೆದರಬೇಡಿ. ಕತ್ತು ತೀರಾ ನಯವಾಗಿದ್ದರೇ ಎರಡು ಸಲ ನೋಡಿ.

ಹಳೆಕೊಕ್ಕು:
ಚೆಸಪೀಕ್ ಕಡೆ ಆಸೆ ಇದ್ದರೆ ಮ್ಯಾಡಿಸನ್ ಮಿಚೆಲ್ ಅವರ ಬಾತಿನಿಂದ ಶುರು ಮಾಡಿ. ಹ್ಯಾವರ್ ಡಿ ಗ್ರೇಸ್‌ನಲ್ಲಿ ಶವಸಂಸ್ಕಾರದ ಕೆಲಸ ನಡೆಸುತ್ತಿದ್ದವರು, 1901ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡರು. ಅದೇ ಊರಿನ ಸ್ಯಾಮ್ ಬಾರ್ನ್ಸ್ ಹತ್ತಿರ ಕೆತ್ತನೆ ಕಲಿತರು, ಆಮೇಲೆ ತಮ್ಮ ಶೆಡ್ಡಿನಲ್ಲಿ ಎಷ್ಟೋ ಹುಡುಗರಿಗೆ ಕಲಿಸಿದರು. ತುಂಬಾ ಮಾಡಿದ್ದಾರೆ, ಅದಕ್ಕೇ ಇನ್ನೂ ಸಿಗುತ್ತವೆ. ಕೊಲ್ಲಿಯ ಕೆಳಗೆ ಕ್ರಿಸ್‌ಫೀಲ್ಡ್‌ನಲ್ಲಿ ಲೆಮ್ ಮತ್ತು ಸ್ಟೀವ್ ವಾರ್ಡ್ ಅಣ್ಣತಮ್ಮಂದಿರು ಇದ್ದರು, ಕಸುಬು ಕ್ಷೌರ. ಅವರ ಬಾತುಗಳು ಅಗಲ ಮೈ, ಚಪ್ಪಟೆ ಹೊಟ್ಟೆ, ತಲೆ ಒಂದಿಷ್ಟು ಪಕ್ಕಕ್ಕೆ ತಿರುಗಿದ್ದು. ಒಂದೇ ಕೊಲ್ಲಿ, ಮೇಲೆ ದುಂಡು ಹೊಟ್ಟೆ, ಕೆಳಗೆ ಚಪ್ಪಟೆ. ಇದನ್ನೆಲ್ಲ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿಯೇ ಕಲಿಯಬೇಕು. ಹ್ಯಾವರ್ ಡಿ ಗ್ರೇಸ್‌ನಲ್ಲಿ ಡಿಕಾಯ್ ಮ್ಯೂಸಿಯಂ ಇದೆ, ವರ್ಮಾಂಟ್‌ನ ಶೆಲ್ಬರ್ನ್ ಮ್ಯೂಸಿಯಂನಲ್ಲಿ ಜೋಯೆಲ್ ಬಾರ್ಬರ್ ಸಂಗ್ರಹವಿದೆ. ಬಾರ್ಬರ್ ನ್ಯೂಯಾರ್ಕಿನ ವಾಸ್ತುಶಿಲ್ಪಿ. 1918ರ ಹೊತ್ತಿಗೆ, ಬೇರೆಯವರೆಲ್ಲ ಇದನ್ನು ಒಲೆಗೆ ಹಾಕುತ್ತಿದ್ದಾಗ, ಕೂಡಿಡಲು ಶುರು ಮಾಡಿದರು. ಅವರಂಥವರು ಇಲ್ಲದಿದ್ದರೆ ನಾವು ಇವತ್ತು ಮಾತಾಡಲು ಏನೂ ಉಳಿಯುತ್ತಿರಲಿಲ್ಲ.

ಅಮ್ಮ_ನ್ಯೂಜೆರ್ಸಿ:
ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ. ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ. ಮಕ್ಕಳಿದ್ದರೆ ಕೈಗೆ ಸಿಗದ ಹಾಗೆ ಮೇಲೆ ಇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಬಣ್ಣ ಉದುರುತ್ತಿದ್ದರೆ ಗಾಜಿನ ಬೀರು ಒಳ್ಳೆಯದು. ಹಳೇ ತೂಕವೂ ಎಷ್ಟೋ ಬಾತಿನಲ್ಲಿ ಸೀಸದ್ದೇ.

ಮರಗೆಲಸ_ಶಿರಸಿ:
ಮರದ ಬಗ್ಗೆ ನನ್ನದೂ ಎರಡು ಮಾತು. ಎಣ್ಣೆ, ಮೇಣ, ವಾರ್ನಿಷ್ ಏನೂ ಹಚ್ಚಬೇಡಿ. ಬಿಸಿಲು ಬೀಳುವ ಕಿಟಕಿ, ಹೀಟರ್ ಮೇಲಿನ ಶೆಲ್ಫ್ ಬೇಡ, ಗಟ್ಟಿ ಮರ ಒಣಗಿ ಸೀಳುತ್ತದೆ. ಈಗಾಗಲೇ ಇರುವ ಬಿರುಕನ್ನು ತುಂಬಬೇಡಿ, ಮರ ಹವೆಗೆ ತಕ್ಕ ಹಾಗೆ ಹಿಗ್ಗಿ ಕುಗ್ಗಲು ಜಾಗ ಬೇಕು. ಮೃದುವಾದ ಒಣ ಕುಂಚದಲ್ಲಿ ಧೂಳು ತೆಗೆದರೆ ಸಾಕು, ಅದೂ ಬಣ್ಣ ಎದ್ದಿರುವ ಕಡೆ ಬೇಡ. ಬಣ್ಣದ ವಿಷಯದಲ್ಲಿ ಹಳೆಕೊಕ್ಕು ಹೇಳಿದ್ದು ಸರಿ ಅನಿಸಿತು. ಕೊಕ್ಕಿನ ಬಗ್ಗೆ ಮಾತ್ರ ನನ್ನ ಕೈ ಇನ್ನೂ ತುರಿಸುತ್ತಿದೆ. ಅಷ್ಟು ಚಿಕ್ಕ ತುಂಡು ಕೆತ್ತಿ ಕೂರಿಸಬಹುದಿತ್ತು.

ಹಳೆಕೊಕ್ಕು:
ನಿಮ್ಮ ಕೈಯಾದರೆ ನಾನು ನಂಬುತ್ತೇನೆ. ಕೊಕ್ಕು ಕೂರಿಸುವುದನ್ನು ಇಲ್ಲೂ ಮಾಡುತ್ತಾರೆ, ಆದರೆ ಮಾರುವಾಗ ಹೇಳಲೇಬೇಕು. ಹೇಳದೆ ಮಾರಿದರೆ ಅದು ಮೋಸ. ಈ ಬಾತಿಗೆ ಅವಸರ ಏನೂ ಇಲ್ಲ.

ಬಾಲ್ಟಿಮೋರ್‌ವಾಸಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ಮನೆಯವರಿಗೆ ಈ ಚರ್ಚೆಯನ್ನು ವಿವರಿಸಿ ಹೇಳಿದೆ, ಅವರೂ ಕುತೂಹಲದಿಂದ ಕೇಳಿದರು. ಬಣ್ಣ ಹೊಡೆಸುವುದಿಲ್ಲ. ಬಾತು ಗಾಜಿನ ಬೀರುವಿನೊಳಗೆ ಹೋಗಿದೆ, ಮಗಳ ಕೈಗೆ ಎಟುಕುವುದಿಲ್ಲ.

ಅಡಿಭಾಗದ ಫೋಟೋ ಹಾಕಿದ್ದೇನೆ. ಕಬ್ಬಿಣದ ತುಂಡಿನ ಪಕ್ಕ ಕಾಯಿಸಿ ಒತ್ತಿದ ಎರಡು ಅಕ್ಷರ ಇದೆ, ಒಂದು ಅರ್ಧ ಅಳಿಸಿದೆ. ಕೆತ್ತಿದವರ ಹೆಸರಾ ಅದು?

ಹಳೆಕೊಕ್ಕು:
ಬಹುಶಃ ಅಲ್ಲ. ಕೊಲ್ಲಿಯ ಮೇಲ್ಭಾಗದಲ್ಲಿ ಹಾಗೆ ಸುಟ್ಟು ಒತ್ತುತ್ತಿದ್ದದ್ದು ಹೆಚ್ಚಾಗಿ ಬಾತಿನ ಮಾಲೀಕನ ಹೆಸರು, ಇಲ್ಲ ಬೇಟೆ ದೋಣಿಯ ಹೆಸರು, ಕ್ಲಬ್ಬಿನ ಹೆಸರು. ನೂರಾರು ಬಾತು ನೀರಲ್ಲಿದ್ದಾಗ ಯಾರದ್ದು ಯಾವುದು ಅಂತ ಗೊತ್ತಾಗಬೇಕಲ್ಲ. ಕೆತ್ತಿದವರನ್ನು ತಲೆಯಿಂದ, ಬಾಲದಿಂದ ಹುಡುಕಬೇಕು. ಆದರೂ ಆ ಅಕ್ಷರ ಬಹಳ ಬೆಲೆಯುಳ್ಳದ್ದು. ಅದೇ ಮುದ್ರೆಯ ಇನ್ನೊಂದು ಬಾತು ಎಲ್ಲಾದರೂ ದಾಖಲಾಗಿದ್ದರೆ ಎರಡೂ ಒಂದೇ ದಂಡಿನಲ್ಲಿ ತೇಲಿದವು ಅಂತ ತಿಳಿಯುತ್ತದೆ.

ಫೋಟೋ ಓರೆ ಬೆಳಕಿನಲ್ಲಿ ಇನ್ನೊಮ್ಮೆ ತೆಗೆಯಿರಿ, ಅಳಿಸಿದ ಅಕ್ಷರ ಎದ್ದು ಕಾಣುತ್ತದೆ. ತಲೆಯನ್ನು ಎರಡೂ ಪಕ್ಕದಿಂದ, ಬಾಲವನ್ನು ಮೇಲಿನಿಂದ ತೆಗೆಯಿರಿ. ಕಬ್ಬಿಣ ತುಕ್ಕು ಹಿಡಿದಿದೆ ಅಂತ ಕಿತ್ತು ಸ್ವಚ್ಛ ಮಾಡಬೇಡಿ, ಮೊಳೆಯನ್ನೂ ಮುಟ್ಟಬೇಡಿ. ಆಮೇಲೆ ಬಾತನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಹ್ಯಾವರ್ ಡಿ ಗ್ರೇಸ್ ಮ್ಯೂಸಿಯಂಗೆ ಹೋಗಿ, ನಿಮಗೆ ದೂರವಿಲ್ಲ. ಅಲ್ಲಿನ ಬಾತುಗಳ ಪಕ್ಕ ನಿಮ್ಮ ಬಾತಿನ ತಲೆ ಹೋಲಿಸಿ ನೋಡಿ, ಗೊತ್ತಾದದ್ದನ್ನು ಇಲ್ಲಿ ಬರೆಯಿರಿ.

ಬಾಲ್ಟಿಮೋರ್‌ವಾಸಿ:
ಈ ಶನಿವಾರ ಹೋಗುತ್ತೇವೆ. ಓರೆ ಬೆಳಕಿನಲ್ಲಿ ಮೊದಲ ಅಕ್ಷರ ಡಬ್ಲ್ಯೂ ಥರ ಕಾಣುತ್ತಿದೆ. ಎರಡನೆಯದನ್ನು ನೀವೇ ನೋಡಿ ಹೇಳಿ.